ಪಾತಾಳಗರಡಿಗೆ ಅಡ ಇಟ್ಟ ತಂಬಿಗೆ

ಮೊನ್ನೆ ಹಾನಗಲ್ಲಿನ ಹಳೆ ಕಬ್ಬಿಣದ ಅಂಗಡಿಯ ಮುಂದೆ ಹಾಯುವಾಗ ಕೊಂಡಿಗಳು ಒಂದಕ್ಕೊಂದು ತಾಗಿದ ಸದ್ದು ಕೇಳಿ ನಿಂತುಬಿಟ್ಟೆ. ಪಾತಾಳಗರಡಿ! ಬಾವಿಗೆ ಬಿದ್ದ ಕೊಡ ಎತ್ತುವ ಆ ಕೊಂಡಿಗಳ ಗೊಂಚಲು ನನ್ನ ವಾರಿಗೆಯವರಿಗೆ ಗೊತ್ತು. ಆ ಸದ್ದಿನ ಜೊತೆಗೇ ಸವಣೂರಿನ ನಮ್ಮ ಹಿತ್ತಲು, ಒದ್ದೆ ಹಗ್ಗದ ವಾಸನೆ, ಮೂಲೆಯ ಎಲೆಬಳ್ಳಿಯ ತಂಪು, ಎಲ್ಲ ಮರಳಿ ಬಂದವು.

ಅದು ಲಡಾಯಿಯ ಕಾಲ, ತಾಮ್ರ ಸಿಗುವುದೇ ಕಷ್ಟ. ಹನ್ನೊಂದು ವರ್ಷದ ನಾನು, ಕೊಡದ ಕೊರಳಿಗೆ ಹಗ್ಗದ ಜೀರುಗುಣಿಕೆ ಹಾಕಲು ಬರುತ್ತದೆಂದು ಜಂಬ ಕೊಚ್ಚಿ, ಅವ್ವನ ತವರಿನ ತಾಮ್ರದ ಕೊಡವನ್ನು ಬಾವಿಯ ಪಾಲು ಮಾಡಿದೆ. ಓಣಿಗೆಲ್ಲ ಇದ್ದ ಒಂದೇ ಪಾತಾಳಗರಡಿ ಗೋಡೆಯಾಚೆಯ ನೀಲವ್ವನ ಮನೆಯಲ್ಲಿತ್ತು. ಬಚ್ಚಲ ನೀರು ಎತ್ತ ಹರಿಯಬೇಕೆಂಬ ಜಗಳದಲ್ಲಿ ಅವ್ವನೂ ಆಕೆಯೂ ಮಾತು ಬಿಟ್ಟು ವರ್ಷವಾಗಿತ್ತು. "ಕೊಡ ಹೋದ್ರ ಹೋಗ್ಲಿ, ಆ ಮನಿ ಮೆಟ್ಲ ಏರೂದು ಬ್ಯಾಡ," ಅಂದಳು ಅವ್ವ. ಹಾಗಂದವಳ ಕಣ್ಣು ತುಂಬಿತ್ತು. ಅಪ್ಪನ ತಾಯಿ, ನಮ್ಮ ಆಯಿ, ಬಿಡಲಿಲ್ಲ. "ಕೆಡವಿದಾಕಿ ಇಕಿ, ಕೇಳಾಕ ಹೋಗಾಕಿನೂ ಇಕಿನ." ಆಮೇಲೆ ನನ್ನನ್ನು ಹತ್ತಿರ ಕರೆದು, "ಹೊಸ್ತಿಲದಾಗ ನಿಂತು ಕೇಳಬ್ಯಾಡ. ಒಳಗ ಹೋಗಿ ಕುಂದ್ರು. ತಪ್ಪು ನಂದು ಅಂತ ಮೊದ್ಲ ಹೇಳು," ಎಂದಳು. ಗರಡಿ ಒಯ್ಯುವವರು ಒಂದು ಪಾತ್ರೆ ಅಡ ಇಡುವುದು ವಾಡಿಕೆ. ನಾನು ದಿನಾ ನೀರು ಕುಡಿಯುವ ಹಿತ್ತಾಳೆ ತಂಬಿಗೆಯನ್ನೇ ಕೈಗಿತ್ತಳು.

ನೀಲವ್ವ ಜೋಳ ಹಸನು ಮಾಡುತ್ತಿದ್ದಳು. ಹೋಗಿ ಎದುರಿಗೇ ಕೂತೆ. "ಯಾರು ಕಳ್ಸ್ಯಾರ? ನಿಮ್ಮವ್ವೇನು?" ಎಂದು ಕೇಳಿದಳು. "ಆಯಿ ಕಳ್ಸ್ಯಾಳ್ರಿ ದೊಡ್ಡವ್ವ. ಕೊಡ ಕೆಡವಿದಾಕಿ ನಾನ. ಗಂಟು ಸಡ್ಲ ಹಾಕಿದ್ದೆ." ಪೂರ್ತಿ ಹೇಳಿದೆ. ಆಕೆ ನನ್ನನ್ನೇ ದಿಟ್ಟಿಸಿ ನೋಡಿ, ತಂಬಿಗೆಯನ್ನು ಗೋಡೆಯ ಮಾಡದಲ್ಲಿಟ್ಟು, ಗರಡಿ ಹಿಡಿದು ಎದ್ದಳು. "ನಡಿ, ಒಬ್ಬಾಕಿನ ಹೋದ್ರ ಗರಡಿನೂ ಬಾವ್ಯಾಗ ಬಿಡ್ತಿ!" ನಮ್ಮ ಬಾವಿಯ ಕಟ್ಟೆಗೆ ಬಂದು ಹಗ್ಗವನ್ನು ಮಾತ್ರ ನನ್ನ ಕೈಗೇ ಕೊಟ್ಟಳು. "ಜಗ್ಗಬ್ಯಾಡ. ಸಾವಕಾಶ ಆಡ್ಸು. ಭಾರ ಕೈಗೆ ತಿಳೀತೈತಿ." ತಿಳಿಯಿತು ಕೂಡ. ನೀರು ಸುರಿಸುತ್ತ ಕೊಡ ಮೇಲೆ ಬಂದಾಗ ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಚಾ ಕುಡದು ಹೋಗ್ರಿ, ಅಕ್ಕಾ," ಅಂದಳು. ವರ್ಷದ ಮೇಲೆ ಆಡಿದ ಮೊದಲ ಮಾತು. ಆವತ್ತು ಸವಣೂರಿನಲ್ಲಿ ನನ್ನಷ್ಟು ದೊಡ್ಡವರು ಯಾರೂ ಇರಲಿಲ್ಲ.

ಮರುದಿನ ತಂಬಿಗೆ ತರಲು ಹೊರಟರೆ ಆಯಿ ತಡೆದಳು. "ಇರ್ಲಿ ಬಿಡ, ಹೋಗಿಬರಾಕ ಒಂದು ನೆವ." ಆ ನೆವದಿಂದ ದಿನಾ ಹೋದೆ. ಜೋಳ ಕೇರುವುದು, ಬಂದವರನ್ನು ಮಾತಾಡಿಸುವುದು, ಸಿಟ್ಟು ಬಂದರೆ ನುಂಗಿಕೊಳ್ಳುವುದು, ಎಲ್ಲ ಆ ಪಡಸಾಲೆಯಲ್ಲೇ ಕಲಿತೆ. ಮದುವೆಯಾಗಿ ಹಿರೇಕೆರೂರಿಗೆ ಹೊರಟ ದಿನ ನೀಲವ್ವ ತಂಬಿಗೆಯನ್ನು ಫಳಫಳ ಬೆಳಗಿ ತಂದು ನನ್ನ ಉಡಿಯಲ್ಲಿಟ್ಟಳು. ನಾನು ನಗುತ್ತಲೇ ತೆಗೆದುಕೊಂಡೆ.

ಅವ್ವ, ಆಯಿ, ನೀಲವ್ವ, ಈಗ ಯಾರೂ ಇಲ್ಲ. ಬಾವಿ ಮುಚ್ಚಿಹೋಗಿದೆ, ಎರಡು ಮನೆಗಳ ನಡುವಿನ ಗೋಡೆಯೂ ಉಳಿದಿಲ್ಲ. ತಂಬಿಗೆ ನನ್ನ ಹತ್ತಿರವಿದೆ, ಬೆಳಗಾದರೆ ತಿಕ್ಕಿ ನೀರು ತುಂಬಿಡುತ್ತೇನೆ. ಆ ದಿನ ಅದನ್ನು ಇಸಿದುಕೊಳ್ಳಬಾರದಿತ್ತು. ಅಲ್ಲೇ ಅಡ ಇದ್ದಿದ್ದರೆ, ಇನ್ನೊಮ್ಮೆ ಹೋಗಲು ನನಗೊಂದು ನೆವ ಇರುತ್ತಿತ್ತು.