ಇರ್ಮೆಲಿ ಅಜ್ಜಿಯ ಪೆಪ್ಪರ್‌ಮೆಂಟು ಡಬ್ಬಿ

ಬೆಳಿಗ್ಗೆ ಆರೂಕಾಲು. ಉತ್ತರದ ಹಿಮನಾಡಿನ ನಮ್ಮ ಊರು ರಾಹೆಯಲ್ಲಿ ಜನವರಿಯ ಸೂರ್ಯ ಹುಟ್ಟಲು ಇನ್ನೂ ಮೂರು ಗಂಟೆ ಮಿಕ್ಕಿದೆ. ಶಿಶುವಿಹಾರದ ಅಡುಗೆಮನೆಯಲ್ಲಿ ಮಾತ್ರ ದೀಪ. ಇರ್ಮೆಲಿ ವುವೊರೆಲಾ ಓಟ್ಸ್ ಗಂಜಿಯಲ್ಲಿ ಮರದ ಸೌಟು ತಿರುಗಿಸುತ್ತಿದ್ದಾರೆ. ಪಕ್ಕದ ಒಲೆಯಲ್ಲಿ ಬಟಾಣಿ ಸೂಪು. ಇವತ್ತು ಗುರುವಾರ. ಗುರುವಾರ ಬಟಾಣಿ ಸೂಪು ಬಿಟ್ಟು ಬೇರೇನಾದರೂ ಮಾಡಿದರೆ ಈ ದೇಶದ ಸರ್ಕಾರವೇ ಬಿದ್ದುಹೋಗುತ್ತದೆಂದು ನನ್ನ ಗುಮಾನಿ.

"ನಿಂತು ನೋಡ್ಬೇಡ, ಬಟ್ಟಲು ಜೋಡ್ಸು," ಎನ್ನುತ್ತಾರೆ. ಪತ್ರಿಕೆಗೆ ಬರೆಯಲು ಬಂದವಳು ಬಟ್ಟಲು ಜೋಡಿಸುತ್ತೇನೆ. ಇಪ್ಪತ್ತೊಂದು ಮಕ್ಕಳು, ಇಪ್ಪತ್ತೊಂದು ಬಟ್ಟಲು.

ಅರವತ್ಮೂರರ ಇರ್ಮೆಲಿ ಇಲ್ಲಿಗೆ ಬಂದು ಮೂವತ್ತೊಂದು ವರ್ಷ. ಅಡುಗೆ, ಪಾತ್ರೆ, ನೆಲ, ಒದ್ದೆ ಕೈಗವಸು ಒಣಗಿಸುವುದು ಎಲ್ಲ ಅವರದೇ. ನಾನು ಬಂದಿದ್ದು ಅವರ ಏಪ್ರನ್ ಜೇಬಿನ ನೀಲಿ ಡಬ್ಬಿಗಾಗಿ. ಪ್ರತಿ ಊಟವಾದ ಮೇಲೆ ಪ್ರತಿ ಮಗುವಿಗೂ ಅದರಿಂದ ಒಂದು ಬಿಳಿ ಪೆಪ್ಪರ್‌ಮೆಂಟು. ಅದರಲ್ಲಿರುವುದು ಕ್ಸೈಲಿಟಾಲ್, ನಾವು ಬರ್ಚ್ ಮರದ ಸಕ್ಕರೆ ಎನ್ನುವುದು. ನನ್ನ ಮಗಳೂ ಇದೇ ಶಿಶುವಿಹಾರದಲ್ಲಿ ಇದನ್ನೇ ಚೀಪಿ ಬೆಳೆದಳು. ಈಗ ಹದಿನಾರು ವರ್ಷ, ಒಂದು ಹುಳುಕು ಹಲ್ಲಿಲ್ಲ. ದಂತವೈದ್ಯರಿಗೆ ಕೈಮುಗಿದೆ, ಬ್ರಷ್ಷನ್ನು ಹೊಗಳಿದೆ, ನನ್ನನ್ನೇ ಹೊಗಳಿಕೊಂಡೆ. ಇರ್ಮೆಲಿಗೆ ಒಂದು ಮಾತು ಹೇಳಲು ಮಾತ್ರ ಹೊಳೆಯಲಿಲ್ಲ.

"ಬಾಯಲ್ಲಿರೋ ಕ್ರಿಮಿಗಳಿಗೆ ಸಕ್ಕರೆ ಸಿಕ್ರೆ ಹಬ್ಬ," ಎಂದು ವಿವರಿಸುತ್ತಾರೆ. "ತಿಂದು ಹುಳಿ ಕಾರ್ತವೆ, ಆ ಹುಳಿ ಹಲ್ಲು ತಿನ್ನುತ್ತೆ. ಇದೂ ಸಿಹಿನೇ, ಆದ್ರೆ ಅವಕ್ಕೆ ಅರಗಲ್ಲ. ಜೊತೆಗೆ ಜೊಲ್ಲು ಊರಿ ಬಾಯಿ ತೊಳೆಯುತ್ತೆ. ಹಾಗಂತ ಬ್ರಷ್ ಬಿಡೋ ಹಾಗಿಲ್ಲ. ಜಾಸ್ತಿ ತಿಂದ್ರೆ ಹೊಟ್ಟೆ ಗುಡುಗುತ್ತೆ."

ಫ್ರಿಜ್ಜಿನ ಬಾಗಿಲಿಗೆ ಒಂದು ಹಳೆಯ ಮದುವೆ ಫೋಟೊ ಅಂಟಿಸಿದ್ದಾರೆ. ವಧು ಇರ್ಮೆಲಿಯ ತಾಯಿ. ತುಟಿಗಳನ್ನು ಬಿಗಿಯಾಗಿ ಮುಚ್ಚಿದ್ದಾಳೆ.

"ಹತ್ತೊಂಬತ್ತು ವರ್ಷ ಅವಳಿಗೆ. ಮದುವೆಗೆ ಮುಂಚೆ ಒಂದೇ ಮಧ್ಯಾಹ್ನ ಎಲ್ಲಾ ಹಲ್ಲು ಕೀಳ್ಸಿ ಕಟ್ಟಿಸಿದ ಹಲ್ಲು ಹಾಕ್ಸಿದ್ರು. ಮುಂದೆ ಗಂಡನಿಗೆ ಹಲ್ಲಿನ ಖರ್ಚಿನ ತೊಂದ್ರೆ ಆಗ್ಬಾರ್ದು ಅಂತ ತಾತ ಕೊಟ್ಟ ಉಡುಗೊರೆ ಅದು. ಅಮ್ಮ ಬಾಯ್ಬಿಟ್ಟು ನಕ್ಕಿದ್ದು ನಾನು ನೋಡೇ ಇಲ್ಲ. ನಗು ಬಂದ್ರೆ ಕೈ ಅಡ್ಡ ಹಿಡಿಯೋಳು."

ಹನ್ನೊಂದಕ್ಕೆ ಊಟ. ಸೂಪು, ಆಮೇಲೆ ಜಾಮು ಸವರಿದ ದಪ್ಪ ದೋಸೆ. ಕೊನೆಗೆ ನೀಲಿ ಡಬ್ಬಿ ಹೊರಬರುತ್ತದೆ. ಹಂಚಿ ಮುಗಿಸಿದ ಇರ್ಮೆಲಿ ಕೋಣೆಯ ನಡುವೆ ಕಣ್ಣು ಮುಚ್ಚಿ ನಿಲ್ಲುತ್ತಾರೆ. ಪೆಪ್ಪರ್‌ಮೆಂಟು ಹಲ್ಲಿಗೆ ತಾಗುವ ಟಕ್ ಟಕ್ ಸದ್ದು ಕೇಳಿಸಿಕೊಳ್ಳುವುದು ಅವರ ಹಾಜರಿ ಕ್ರಮ. ಇವತ್ತು ಕಣ್ಣು ತೆರೆದವರೇ ಐದು ವರ್ಷದ ಹುಡುಗಿ ಕೆರ್ಟ್ಟುವಿನ ಮುಂದೆ ಹೋಗಿ ಕೂರುತ್ತಾರೆ.

"ಬಾಯಿ ತೆಗಿ, ಬಂಗಾರಿ. ಎಲ್ಲಿ ಪೆಪ್ಪರ್‌ಮೆಂಟು?"

ಬಾಯಿ ಖಾಲಿ. ಪೆಪ್ಪರ್‌ಮೆಂಟು ಅಂಗಿಯ ತೋಳಿನಲ್ಲಿದೆ. ಸೋಮವಾರದಿಂದ ಒಂದನ್ನೂ ತಿಂದಿಲ್ಲವಂತೆ. ಬರಿ ನಾಲಿಗೆಯಲ್ಲೇ ಟಕ್ ಟಕ್ ಅನ್ನಿಸಿ ಇರ್ಮೆಲಿಗೇ ಟೋಪಿ ಹಾಕಿದ್ದಾಳೆ. ಇವತ್ತು ಜಾಮು ಮೆತ್ತಿ ನಾಲಿಗೆ ಕೈಕೊಟ್ಟಿತು.

"ಬೇರೆದೆಲ್ಲ ಏನ್ಮಾಡ್ದೆ?"

"ಕರವಸ್ತ್ರದಲ್ಲಿ ಕಟ್ಟಿ ನಿನ್ನೆ ಅಜ್ಜಂಗೆ ಕೊಟ್ಟೆ. ಇವತ್ತು ನಪ್ಪಿ ಹುಟ್ಟಿದ ಹಬ್ಬ. ಕಾಫಿ ಹೊತ್ತಿಗೆ ಅದಕ್ಕೆ ಕೊಡು ಅಂದೆ. ಅದರ ಬಾಯಿ ವಾಸ್ನೆ, ಹಲ್ಲೂ ಹುಳುಕು. ಕ್ರಿಮಿ ಓಡಿಹೋಗುತ್ತೆ ಅಂತ ನೀನೇ ಹೇಳಿದ್ದಲ್ವಾ ಇರ್ಮೆಲಿ ಅಜ್ಜಿ?"

ನಪ್ಪಿ ಆ ಮನೆಯ ನಾಯಿ. ಮೂರು ಕಿಲೋ ತೂಗದ ಮುದಿ ಜೀವ. ಮನುಷ್ಯರ ಹಲ್ಲು ಕಾಯುವ ಈ ಸಿಹಿ ನಾಯಿಗಳಿಗೆ ವಿಷ. ಅರ್ಧ ಗಂಟೆಯಲ್ಲೇ ರಕ್ತದ ಸಕ್ಕರೆ ಕುಸಿಯಬಹುದು, ಲಿವರ್ ಕೆಡಬಹುದು. ಇರ್ಮೆಲಿಯ ಮುಖ ಬಿಳಿಚಿಕೊಳ್ಳುತ್ತದೆ. ಕೆರ್ಟ್ಟುವಿನ ಅಜ್ಜ ಔಲಿಸ್‌ಗೆ ಫೋನ್ ಮಾಡುತ್ತಾರೆ. ರಿಂಗಾಗುತ್ತದೆ, ಎತ್ತುವವರಿಲ್ಲ.

"ಕಿವುಡು ಮುದುಕ!" ಎಂದವರೇ ಏಪ್ರನ್ ಮೇಲೇ ಕೋಟು ಹಾಕಿಕೊಂಡು ಅಂಗಳದಲ್ಲಿ ನಿಲ್ಲಿಸಿದ್ದ ಹಿಮಬಂಡಿ ಹತ್ತುತ್ತಾರೆ. ಹಿಂದೆ ನಿಂತು ಒಂದು ಕಾಲಿನಿಂದ ಹಿಮ ಒದೆಯುತ್ತಾ ಸಾಗುವ, ನಮ್ಮ ಅಜ್ಜಿಯಂದಿರು ಸಂತೆಗೆ ಹೋಗುವ ಬಂಡಿ ಅದು. ಮಕ್ಕಳನ್ನು ಶಿಕ್ಷಕಿಯರು ನೋಡಿಕೊಳ್ಳುತ್ತಾರೆ. ನಾನು ಹಿಂದೆ ಓಡುತ್ತೇನೆ, ಎರಡು ಸಲ ಬೀಳುತ್ತೇನೆ. ಇರ್ಮೆಲಿ ಒಂದು ಸಲವೂ ತಿರುಗಿ ನೋಡುವುದಿಲ್ಲ.

ಚರ್ಚಿನ ಹಿಂದಿನ ಹಳದಿ ಮನೆ. ಔಲಿಸ್ ಕಾಫಿಗೆ ಕೂತಿದ್ದಾರೆ. ಮೇಜಿನ ಮೇಲೆ ಬಿಚ್ಚಿದ ಕರವಸ್ತ್ರ. ಒಳಗೆ ಏನೂ ಇಲ್ಲ.

"ತಿಂತಾ? ಎಷ್ಟು ಹೊತ್ತಾಯ್ತು?" ಇರ್ಮೆಲಿ ಕೂಗುತ್ತಾರೆ.

"ಯಾರು?"

"ನಾಯಿ ಕಣೋ!"

"ನಾಯಿ ಯಾಕೆ ತಿನ್ನುತ್ತೆ? ಬೆಳಿಗ್ಗೆ ನಾನೇ ತಿಂದೆ. ಅದಕ್ಕಿರೋದು ಮೂರು ಹಲ್ಲು, ನಂಗೆ ಐದು. ಯಾರಿಗೆ ಜಾಸ್ತಿ ಬೇಕು ನೀನೇ ಹೇಳು." ಆಮೇಲೆ ಹೊಟ್ಟೆ ಹಿಡಿದುಕೊಂಡು, "ಆಗ್ಲಿಂದ ಗುಡುಗುಡು ಅಂತಿದೆ. ಮಗೀಗೆ ಹೇಳ್ಬೇಡ, ನಾಯಿ ಹುಟ್ಟುಹಬ್ಬದ ಉಡುಗೊರೆ ಕದ್ದೆ ಅಂತಾಳೆ," ಎನ್ನುತ್ತಾರೆ.

ಮೇಜಿನ ಕೆಳಗಿನಿಂದ ನಪ್ಪಿ ಬೊಗಳುತ್ತದೆ. ಇರ್ಮೆಲಿ ಬಾಗಿಲ ಬಳಿಯ ಬೂಟು ಬಿಚ್ಚುವ ಬೆಂಚಿನ ಮೇಲೆ ಕುಸಿದು ಕೂತು ಅಳುತ್ತಾರೆ. ನಾಯಿ ಬಂದು ಅವರ ಕೈ ನೆಕ್ಕಲು ಹೋದರೆ, "ಥೂ, ನೆಕ್ಬೇಡ್ವೇ, ಪೆಪ್ಪರ್‌ಮೆಂಟು ಮುಟ್ಟಿದ ಕೈ," ಎಂದು ಎರಡೂ ಕೈ ಮೇಲೆತ್ತುತ್ತಾರೆ. ನನಗೆ ನಗು, ಅಳು ಎರಡೂ ಒಟ್ಟಿಗೇ ಬರುತ್ತವೆ.

ವಾಪಸು ಬರುವಾಗ ಬಂಡಿ ನಿಧಾನ. "ನನ್ನ ಬಾಯಿಂದ್ಲೇ ಕಲಿತ ಪಾಠ ಅದು," ಎನ್ನುತ್ತಾರೆ. "ಹಲ್ಲಿಗೆ ಒಳ್ಳೇದು ಅಂದೆ. ಯಾರ ಹಲ್ಲಿಗೆ ಅಂತ ಹೇಳ್ಲಿಲ್ಲ. ಮೂವತ್ತೊಂದು ವರ್ಷ, ಒಂದಿನಾನೂ ಹೇಳ್ಲಿಲ್ಲ. ಇನ್ನು ಯಾವ ಮುಖ ಇಟ್ಕೊಂಡು ಡಬ್ಬಿ ತೆಗೀಲಿ?"

ನಪ್ಪಿ ಚೆನ್ನಾಗಿದೆ ಎಂದು ಮೊದಲು ಕೆರ್ಟ್ಟುವಿಗೆ ಹೇಳುತ್ತಾರೆ. ಆಮೇಲೆ ಇಪ್ಪತ್ತೊಂದು ಮಕ್ಕಳನ್ನೂ ಸುತ್ತ ಕೂರಿಸಿಕೊಂಡು ನಾಯಿಗಳ ವಿಷಯ ಹೇಳುತ್ತಾರೆ. ತಪ್ಪು ನನ್ನದು ಎಂದೂ ಹೇಳುತ್ತಾರೆ. ಕೆರ್ಟ್ಟು ಅವರ ಏಪ್ರನ್ ಹಿಡಿದೆಳೆಯುತ್ತಾಳೆ. "ನಾನು ನಪ್ಪಿನ ಸಾಯಿಸ್ತಿದ್ನಾ?"

"ಇಲ್ಲ ಕಂದ. ನೀನು ಅದಕ್ಕೆ ಒಳ್ಳೇದು ಮಾಡೋಕೆ ಹೊರಟಿದ್ದೆ. ಹೇಳ್ಬೇಕಾದೋಳು ನಾನು ಹೇಳ್ಲಿಲ್ಲ."

ಎರಡು ಗಂಟೆಯ ತಿಂಡಿಯಾದ ಮೇಲೆ ಡಬ್ಬಿ ಮತ್ತೆ ಹೊರಬರುತ್ತದೆ. ಎಲ್ಲರೂ ತೆಗೆದುಕೊಳ್ಳುತ್ತಾರೆ. ಕೆರ್ಟ್ಟು ಮಾತ್ರ ತಲೆ ಅಲ್ಲಾಡಿಸಿ ತುಟಿ ಬಿಗಿಯುತ್ತಾಳೆ. ಫ್ರಿಜ್ಜಿನ ಮೇಲಿನ ವಧುವಿನ ತುಟಿಯೂ ಹಾಗೇ ಇತ್ತು. ಇರ್ಮೆಲಿ ಅವಳನ್ನು ಗದರುವುದಿಲ್ಲ. ಪಕ್ಕದಲ್ಲಿ ನೆಲದ ಮೇಲೆ ಕೂತು, ಒಂದನ್ನು ತಮ್ಮ ನಾಲಿಗೆಯ ಮೇಲಿಟ್ಟುಕೊಂಡು ಹಲ್ಲಿಗೆ ತಾಗಿಸುತ್ತಾರೆ. ಟಕ್. ಕಾಯುತ್ತಾರೆ. ಮತ್ತೆ ಟಕ್. ಎಷ್ಟೋ ಹೊತ್ತಿನ ಮೇಲೆ ಒಂದು ಪುಟ್ಟ ಅಂಗೈ ಮುಂದೆ ಬರುತ್ತದೆ.

ಸಂಜೆ ಬಟ್ಟಲು ಒರೆಸುತ್ತಾ ಇಷ್ಟು ವರ್ಷ ಹೇಳದ ಥ್ಯಾಂಕ್ಸ್ ಹೇಳುತ್ತೇನೆ. ಅವರು ಇನ್ನೊಂದು ಬಟ್ಟಲು ನನ್ನ ಕೈಗಿಡುತ್ತಾರೆ. ಜೂನ್‌ನಲ್ಲಿ ಅವರ ನಿವೃತ್ತಿ. ಆಮೇಲೆ ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

ಇರ್ಮೆಲಿ ಫ್ರಿಜ್ಜಿನ ಕಡೆ ನೋಡುತ್ತಾರೆ. "ಈ ಮಕ್ಳ ಮದುವೆ ಫೋಟೊ ತೆಗೆಯೋ ಹೊತ್ತಿಗೆ ನಾನಿರ್ತೀನೋ ಇಲ್ವೋ. ಇರ್ಬೇಕು ಅಂತಾನೂ ಇಲ್ಲ. ಎಲ್ರೂ ಹಲ್ಲು ಬಿಟ್ಕೊಂಡು ನಗ್ಲಿ, ಅಷ್ಟು ಸಾಕು."