ದೀಪದವಳು ಯಾರು?

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ ಬಾಯ್ಲರ್ ನೋಡಿಕೊಳ್ಳುವುದು ಅವನ ಕೆಲಸ. ಗೋಡೆಯಾಚೆ ಇಸ್ತ್ರಿ ಮಾಡುವ ಹೆಂಗಸರಿಗೆ ಆವಿ ಹೋಗುವುದು ಇಲ್ಲಿಂದಲೇ. ಒಳಗೆ ನೀರೆಷ್ಟಿದೆ ಎಂದು ತೋರಿಸಲು ಬಾಯ್ಲರಿನ ಮುಂದೆ ಒಂದು ಗಾಜಿನ ಕೊಳವೆ. ಮೊದಲು ಎರಡಿದ್ದವು; ಒಂದು ಒಡೆದುಹೋಗಿ, ಹೊಸದು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎನ್ನುತ್ತಲೇ ಇದ್ದರು.

ಅಂದು ಅವನು ಮಾಡಬಾರದ್ದನ್ನು ಮಾಡುತ್ತಿದ್ದ. ಕೆಲಸದ ವೇಳೆ ಕಥೆ ಓದುತ್ತಿದ್ದ. ಮಂಜಿನ ಕೋಟೆಯ ಮಾಯಾಕಥೆಯ ಮೊದಲ ಭಾಗ ಓದಿದಾಗ ಮಗಳಿನ್ನೂ ಹುಟ್ಟಿರಲಿಲ್ಲ. ಈಗ ಅವಳು ಹೈಸ್ಕೂಲು. ಎರಡನೆಯ ಭಾಗ ಕೊನೆಗೂ ಕೈಸೇರಿತ್ತು, ಮನೆ ತಲುಪುವವರೆಗೆ ತಾಳ್ಮೆ ಇರಲಿಲ್ಲ. ಪುಟ ತಿರುಗಿಸುವಾಗಲೆಲ್ಲ ಕುರ್ಚಿಯಿಂದಲೇ ಗಾಜಿನತ್ತ ಒಂದು ನೋಟ. ನೀರು ಅರ್ಧಕ್ಕಿದೆ. ಸರಿ, ಮುಂದಿನ ಪುಟ. ಅರ್ಧವಿದೆಯಲ್ಲ ಎಂದು ಊಟವಾದ ಮೇಲೆ ನೀರಿನ ಪಂಪನ್ನೂ ಹಾಕಿರಲಿಲ್ಲ.

ಕಥೆಯಲ್ಲಿ ದೀಪ ಹಿಡಿದ ಹೆಂಗಸೊಬ್ಬಳು ಕೋಟೆಯ ಬಾಗಿಲು ಬಡಿದಳು. ಕಾವಲುಗಾರರು ಗಡಗಡ ನಡುಗಿದರು. ಇವನಿಗೆ ಅವಳು ಯಾರೆಂದೇ ನೆನಪಾಗಲಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ಇಲ್ಲ. ಎದ್ದುಹೋಗಿ, ಬಾಯ್ಲರಿನ ಪಕ್ಕದ ಗೋಡೆಯ ಫೋನಿನಿಂದ ಮನೆಗೆ ಕರೆ ಮಾಡಿದ.

"ಲೇ, ಕೋಟೆ ಬಾಗಿಲು ಬಡೀತಿದ್ದಾಳಲ್ಲ, ಆ ದೀಪದವಳು ಯಾರೇ?"

"ಅಯ್ಯೋ, ರಾಜನ ತಂಗಿ ಅಲ್ವೇನ್ರೀ! ಮೊದಲನೇ ಭಾಗದ ಕೊನೇಲಿ ನದಿಗೆ ಬಿದ್ದು ಸತ್ತಳಲ್ಲ. ನೀವು ಅತ್ತಿದ್ರಿ ಬೇರೆ."

"ನಾನಾ?"

"ಇಲ್ಲ, ಪಕ್ಕದ ಮನೆಯವರು."

ಅವನು ನಗಲಿಲ್ಲ. ಗಾಜು ಈಗ ಮೂಗಿನ ಮುಂದೆಯೇ ಇತ್ತು. ಕುದಿಯುವ ಬಾಯ್ಲರಿನ ನೀರು ಗಾಜಿನಲ್ಲಿ ಸದಾ ಸಣ್ಣಗೆ ಅಲುಗುತ್ತಿರಬೇಕು. ಇದು ಬಣ್ಣದಲ್ಲಿ ಎಳೆದ ಗೀಟಿನ ಹಾಗೆ ನಿಂತಿತ್ತು.

ಫೋನು ಕೈಬಿಟ್ಟು ಗಾಜಿನ ಕೆಳಗಿನ ನಲ್ಲಿ ತೆರೆದ. ನೀರು ಹರಿದುಹೋಯಿತು. ಮುಚ್ಚಿದ. ಕೂಡಲೇ ಮೇಲೇರಬೇಕಾದ ನೀರು ಏರಲಿಲ್ಲ. ಬಾಯ್ಲರಿನಿಂದ ಗಾಜಿಗೆ ಬರುವ ದಾರಿ ಕಟ್ಟಿಕೊಂಡಿದೆ, ಇಷ್ಟು ಹೊತ್ತು ನೋಡಿದ್ದೆಲ್ಲ ಹಳೆಯ ನೀರು. ಒಳಗೆ ಎಷ್ಟಿದೆಯೋ ದೇವರೇ ಬಲ್ಲ.

ಕೈ ತಾನಾಗಿಯೇ ಪಂಪಿನ ಗುಂಡಿಯತ್ತ ಹೋಯಿತು. ತಡೆದುಕೊಂಡ. ಒಳಗೆ ಬರಿದಾಗಿ ಕಾದಿದ್ದರೆ, ಅದರ ಮೇಲೆ ತಣ್ಣೀರು ಬಿದ್ದ ಮರುಗಳಿಗೆ ಗೋಡೆಯೂ ಇರುವುದಿಲ್ಲ, ಗೋಡೆಯಾಚೆಯವರೂ ಇರುವುದಿಲ್ಲ. ಒಲೆಗೆ ಹೋಗುವ ಎಣ್ಣೆಯ ಕವಾಟ ತಿರುಗಿಸಿ ಬೆಂಕಿ ಆರಿಸಿದ. ಬಾಗಿಲಿಗೆ ಓಡಿದ.

"ಎಲ್ಲರೂ ಹೊರಗೆ ನಡೀರಿ!"

"ಏನಣ್ಣ, ಈ ಅಂಗಿ ಒಂದು ಮುಗಿಸಿ..."

"ಅಂಗಿ ಹಾಳಾಗಲಿ, ನಡಿಯಮ್ಮ!"

ಅಂಗಳದಲ್ಲಿ ಎಲ್ಲರೂ ನಿಂತು ಆ ಗೋಡೆಯನ್ನೇ ನೋಡಿದರು. ಒತ್ತಡದ ಮುಳ್ಳು ಇಳಿಯುತ್ತಿದೆಯೇ ಎಂದು ನೋಡಲು ಅವನೊಬ್ಬನೇ ಮತ್ತೆ ಮತ್ತೆ ಬಾಗಿಲವರೆಗೆ ಹೋಗಿಬಂದ. ಇಳಿಯಿತು, ಆಮೆಯ ಹಾಗೆ.

ಮರುದಿನ ಬಾಯ್ಲರ್ ಪೂರ್ತಿ ಆರಿದ ಮೇಲೆ ತೆರೆದು ನೋಡಿದರು. ಬೆಂಕಿಯ ಕೊಳವೆಗಳ ಮೇಲೆ ಉಳಿದಿದ್ದ ನೀರು ಒಂದು ಬೆರಳಿನಷ್ಟು. ಗಾಜಿಗೆ ನೀರು ಬರುವ ದಾರಿಯಲ್ಲಿ ಸುಣ್ಣದ ಹೆಕ್ಕಳೆ. ಓದುತ್ತಿದ್ದುದನ್ನು ಅವನು ಯಜಮಾನರ ಮುಂದೆ ಮುಚ್ಚಿಡಲಿಲ್ಲ. ಬೈಗುಳ ತಿಂದು ಮನೆಗೆ ಬಂದ.

ಹೆಂಡತಿ ಕೇಳಿದಳು: "ಈಗಲಾದ್ರೂ ಹೇಳಿ, ಬಾಗಿಲು ತೆಗೆದರಾ ಅವಳಿಗೆ?"

"ಗೊತ್ತಿಲ್ಲ ಕಣೇ. ಇನ್ನು ಅದನ್ನ ಮನೇಲೇ ಓದೋದು." ಪುಸ್ತಕವನ್ನು ಅವಳ ಕೈಗಿತ್ತು, ಸ್ಟೂಲು ಎಳೆದು ಅಟ್ಟಕ್ಕೆ ಕೈ ಹಾಕಿದ. "ಮೊದಲನೇ ಭಾಗ ಎಲ್ಲಿಟ್ಟಿದ್ದೀಯ?"