ಒಂದು ಹನಿಯಿಲ್ಲದೆ ಇನ್ನೂರು ತೂತು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕಿವಿಯಕ್ಕ ಎನ್ನುತ್ತಿದ್ದರು. ಮೊದಲು ಚೇಷ್ಟೆಗೆ ಇಟ್ಟ ಹೆಸರು, ಬರಬರುತ್ತ ಮರ್ಯಾದೆಯ ಹೆಸರಾಯಿತು. ಡ್ರಿಲ್ಲಿಂಗ್ ಯಂತ್ರದ ಮುಂದೆ ಹದಿನಾರು ವರ್ಷ ನಿಂತು ಉಕ್ಕಿಗೆ ತೂತು ಕೊರೆದವಳು ಅವಳು. ತೂತು ಕೊರೆಯುವ ಕಡ್ಡಿಗೆ ಅಲ್ಲಿ ಬಿಟ್ಟು ಎನ್ನುತ್ತಾರೆ; ಅದರ ಮೊನೆ ಸವೆಯತೊಡಗಿದರೆ, ಉಳಿದವರು ಭೂತಗನ್ನಡಿ ಹುಡುಕುವಷ್ಟರಲ್ಲಿ ಸದ್ದಿನಿಂದಲೇ ತಿಳಿದು ಯಂತ್ರ ನಿಲ್ಲಿಸಿ, "ಇದರ ಕಥೆ ಮುಗೀತು, ಬೇರೆ ಹಾಕ್ರಪ್ಪಾ" ಎನ್ನುವಳು. ಒಮ್ಮೆ ಊಟದ ಕೋಣೆಯಲ್ಲಿದ್ದಾಗ ಗೋಡೆಯಾಚೆಯ ಸದ್ದು ಕೆಟ್ಟದ್ದನ್ನು ಕೇಳಿ, ಬಾಯಲ್ಲಿ ತುತ್ತು ಇಟ್ಟುಕೊಂಡೇ ಓಡಿಬಂದಿದ್ದಳು. "ನಿನ್ನ ಗಂಡ ಸುಳ್ಳು ಹೇಳಿದ್ರೆ ಪಾಪ, ಗತಿ ಏನಮ್ಮಾ?" ಎಂದು ಯಾರೋ ಕೇಳಿದ್ದಕ್ಕೆ, "ಅವರು ಟೈಲರ್ ಕಣ್ರೀ. ನಾಳೆ ಕೊಡ್ತೀನಿ ಅನ್ನೋ ಸುಳ್ಳು ಎಲ್ಲರಿಗೂ ಗೊತ್ತಾಗುತ್ತೆ, ಅದಕ್ಕೆ ನನ್ನ ಕಿವೀನೇ ಬೇಕಾ?" ಎಂದಿದ್ದಳು.

ಈ ವಿದ್ಯೆ ಕಲಿಸಿದವರು ಅವಳ ಭಾವ, ಗಂಡನ ಅಣ್ಣ, ಅದೇ ಕಾರ್ಖಾನೆಯ ಮೇಸ್ತ್ರಿ. "ಎಣ್ಣೆ ಕಂಡ್ರೆ ಕಬ್ಬಿಣಾನೂ ಬೆಣ್ಣೆ" ಎನ್ನುವುದು ಅವರ ವೇದವಾಕ್ಯ. ಬಿಟ್ಟು ಕಿರುಗುಟ್ಟಿದರೆ ಎಡಗೈ ತಾನಾಗಿ ಯಂತ್ರದ ಪಕ್ಕದ ನಲ್ಲಿಗೆ ಹೋಗಬೇಕು, ಹಾಲಿನ ಬಣ್ಣದ ಎಣ್ಣೆನೀರು ಬಿಟ್ಟಿನ ಮೇಲೆ ಧಾರೆಯಾಗಿ ಬೀಳಬೇಕು. ಮನಸ್ಸಿಗೆ ಗೊತ್ತಾಗುವ ಮೊದಲೇ ಕೈಗೆ ಗೊತ್ತಾಗುವಷ್ಟು ಚೆನ್ನಾಗಿ ಅವರು ಅದನ್ನು ಅವಳಿಗೆ ಕಲಿಸಿದ್ದರು.

ಆ ಎಣ್ಣೆನೀರೇ ಅವಳ ಕೈ ತಿಂದಿತು. ಬೆರಳುಗಳ ಸಂದಿಯಲ್ಲಿ ಶುರುವಾದ ತುರಿಕೆ ನಾಲ್ಕು ವರ್ಷದಲ್ಲಿ ಅಂಗೈಗೆ ಇಳಿದು ಚರ್ಮ ಸೀಳಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ? ಆದರೂ ಅವಳು ಎರಡು ವರ್ಷ ಎಲ್ಲರಿಂದ ಮುಚ್ಚಿಟ್ಟಳು. ಕೈಗವಸು ಹಾಕುವಂತಿಲ್ಲ, ತಿರುಗುವ ಬಿಟ್ಟು ಕೈಗವಸಿನ ಜೊತೆ ಕೈಯನ್ನೂ ಎಳೆದುಕೊಳ್ಳುತ್ತದೆ. ಮಗಳಿಗೆ ಜಡೆ ಹಾಕಲು ಕೂತರೆ ಕೂದಲು ಬೆರಳಿನ ಬಿರುಕಿಗೆ ಸಿಕ್ಕಿ ತಾಯಿ ಮಗಳು ಇಬ್ಬರೂ ಒಟ್ಟಿಗೆ "ಅಮ್ಮಾ" ಎನ್ನುತ್ತಿದ್ದರು. ಈಗ ಮಗಳೇ ಜಡೆ ಹಾಕಿಕೊಳ್ಳುತ್ತಾಳೆ, ವಕ್ರವಾಗಿ.

ಕಡೆಗೆ ಕಾರ್ಖಾನೆಯ ಡಾಕ್ಟರ್ ಚೀಟಿ ಬರೆದರು: ಈಕೆ ಎಣ್ಣೆ ಮುಟ್ಟಕೂಡದು. ಮ್ಯಾನೇಜರ್ ಅದನ್ನು ಎರಡು ಸಲ ಓದಿದರು.

"ಎಣ್ಣೆ ಇಲ್ಲದ ಜಾಗ ಅಂದ್ರೆ ಇಲ್ಲಿ ಗೇಟಿನ ಹೊರಗೆ ಮಾತ್ರ ಕಣಮ್ಮಾ," ಎಂದರು. ಕೆಟ್ಟ ಮನುಷ್ಯನಲ್ಲ; ಇದ್ದದ್ದನ್ನು ಹೇಳಿದರು. ಆಮೇಲೆ ಸ್ವಲ್ಪ ಯೋಚಿಸಿ, "ಒಂದು ದಾರಿ ಇದೆ, ನೋಡೋಣ" ಎಂದರು.

ಆ ದಾರಿಯೇ ಒಂದು ಪುಟ್ಟ ಡಬ್ಬಿಯಲ್ಲಿ ಬಂತು. ತಂದವಳು ಬಿಟ್ಟುಗಳಿಗೆ ಲೇಪನ ಕೊಡುವ ಬೇರೊಂದು ಕಾರ್ಖಾನೆಯ ಇಂಜಿನಿಯರ್, ಇನ್ನೂ ಮೂವತ್ತು ದಾಟದ ಹೆಣ್ಣುಮಗಳು. ಡಬ್ಬಿಯಲ್ಲಿ ಎರಡೇ ಎರಡು ಬಿಟ್ಟು, ಕೆನ್ನೀಲಿ ಕಪ್ಪು ಬಣ್ಣ, ನೇರಳೆ ಹಣ್ಣಿನ ಸಿಪ್ಪೆಯಂತೆ.

"ಈ ಬಣ್ಣಾನೇ ಲೇಪನ. ಕೂದಲಿಗಿಂತ ಎಷ್ಟೋ ತೆಳು, ಆದ್ರೆ ಸವೆಯೋದು ಕಷ್ಟ," ಎಂದಳು ಆಕೆ. "ನಾವು ಇದನ್ನ ಆಸಿಡ್ ತೊಟ್ಟೀಲಿ ಅದ್ದಲ್ಲ. ಗಾಳಿ ತೆಗೆದ ಪೆಟ್ಟಿಗೇಲಿ ಲೋಹದ ಆವಿ ಕೂರಿಸ್ತೀವಿ. ಚರಂಡಿಗೆ ವಿಷ ಹೋಗಲ್ಲ. ಇಲ್ಲೂ ಎಣ್ಣೆನೀರು ಬೇಡ, ಒಣಗೇ ಕೊರೀಬಹುದು. ಕಾವೆಲ್ಲ ಕೊರೆದಾಗ ಬರೋ ಉಕ್ಕಿನ ಚೂರಿನ ಜೊತೆ ಹೊರಗೆ ಹೋಗುತ್ತೆ. ಚೂರು ನೀಲಿಯಾಗಿ ಸುರುಳಿ ಬಂದ್ರೆ ಹೆದರ್ಬೇಡಿ ಅಕ್ಕಾ. ಪುಡಿಪುಡಿಯಾಗಿ ಬಂದ್ರೆ ಮಾತ್ರ ನಿಲ್ಲಿಸಿ."

ಭಾವ ಮೂಗು ಮುರಿದರು. "ಎಣ್ಣೆ ಇಲ್ದೆ ಉಕ್ಕು ಕೊರೆಯೋದಾ? ಒಗ್ಗರಣೆಗೂ ಎಣ್ಣೆ ಬೇಕಲ್ರೀ!"

ಷರತ್ತು ಸರಳವಾಗಿತ್ತು. ಹಳೆಯ ಬಿಟ್ಟು ಎಣ್ಣೆನೀರು ಕುಡಿದು ತೊಂಬತ್ತು ತೂತು ಕೊರೆಯುತ್ತಿತ್ತು. ಹೊಸದು ಒಣಗೇ ಇನ್ನೂರು ಕೊರೆದರೆ ಆ ಯಂತ್ರಕ್ಕೆ ಎಣ್ಣೆಯ ಸಂಬಂಧ ಕಡಿದುಹೋಗುತ್ತದೆ, ಕಿವಿಯಕ್ಕ ಅಲ್ಲೇ ಇರುತ್ತಾಳೆ. ಇಲ್ಲವಾದರೆ ಸೋಮವಾರದಿಂದ ಮನೆ.

ಬೆಳಿಗ್ಗೆ ಎಂಟಕ್ಕೆ ಶುರುವಾಯಿತು. ಒಂದೊಂದು ಉಕ್ಕಿನ ಬಿಲ್ಲೆಗೆ ಎಂಟು ತೂತು. ಬಿಲ್ಲೆ ಕೂರಿಸುವುದು, ಗುಂಡಿ ಒತ್ತುವುದು, ಕಿವಿಗೊಡುವುದು. ಮೊದಲ ಇಪ್ಪತ್ತು ತೂತಿನಲ್ಲೇ ಅವಳ ಎಡಗೈ ಮೂರು ಸಲ ನಲ್ಲಿಯವರೆಗೆ ಹೋಗಿ ನಾಚಿಕೊಂಡು ಹಿಂದೆ ಬಂತು. ಸುತ್ತ ನಿಂತವರು ನಕ್ಕರು. ಅವಳಿಗೆ ನಗು ಬರಲಿಲ್ಲ. ತೊಂಬತ್ತು ದಾಟಿತು. ನೂರು ದಾಟಿತು. ನೂರಿಪ್ಪತ್ತಾದಾಗ ಬಿಟ್ಟು ತೆಳುವಾಗಿ ಸಿಳ್ಳೆ ಹಾಕತೊಡಗಿತು.

ನೂರಿಪ್ಪತ್ತೆಂಟು ಮುಗಿಸಿ ಹೊಸ ಬಿಲ್ಲೆ ಎತ್ತಲು ಬಗ್ಗಿದಾಗ, ಬೆನ್ನ ಹಿಂದೆ 'ಚುಂಯ್' ಎಂಬ ಸಣ್ಣ ಸದ್ದು ಕೇಳಿಸಿತು. ಅದು ಎಂಥ ಸದ್ದೆಂದು ಅವಳಿಗೆ ಯಾರೂ ಹೇಳಬೇಕಿರಲಿಲ್ಲ. ಸರಕ್ಕನೆ ತಿರುಗಿದಳು. ಭಾವ ತಮ್ಮ ಎಣ್ಣೆಯ ಪುಟ್ಟ ಸೀಸೆಯನ್ನು ಅಂಗಿಯ ಮರೆಗೆ ಸೇರಿಸುತ್ತಿದ್ದರು. ಅವರ ಮುಖದಲ್ಲಿ, ಮಗುವಿಗೆ ಕದ್ದು ಬೆಲ್ಲ ಕೊಟ್ಟ ಅಜ್ಜನ ಸಂತೋಷವಿತ್ತು.

ಮುಂದಿನ ತೂತಿನಲ್ಲಿ ಬಿಟ್ಟು ಟಪ್ಪೆಂದು ಮುರಿಯಿತು.

ಇಂಜಿನಿಯರ್ ಮುರಿದ ತುಂಡನ್ನು ಭೂತಗನ್ನಡಿಯ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದಳು. "ಇದು ಸವೆದು ಮುರಿದದ್ದಲ್ಲ ಸರ್. ಕಾದ ಮೊನೆ ಮೇಲೆ ತಣ್ಣಗೆ ಏನೋ ಬಿದ್ದಿದೆ. ಬಿಸಿ ಗಾಜಿಗೆ ತಣ್ಣೀರು ಬಿದ್ದ ಹಾಗೆ ಬಿರಿದಿದೆ."

"ಯಾರು ಹಾಕಿದ್ದು?" ಎಂದರು ಮ್ಯಾನೇಜರ್.

ಎಲ್ಲರ ಕಣ್ಣೂ ಅವಳ ಎಡಗೈಯ ಮೇಲೆ. ಭಾವನ ಮುಖ ಬಿಳಿಚಿಕೊಂಡಿತ್ತು. ತಾವು ಮಾಡಿದ್ದು ಉಪಕಾರವಲ್ಲ ಎನ್ನುವುದು ಆ ಕ್ಷಣ ಅವರಿಗೆ ತಿಳಿದಿತ್ತು. ನಿವೃತ್ತಿಗೆ ಇನ್ನು ಆರು ತಿಂಗಳಿದ್ದ ಮನುಷ್ಯ. ಹದಿನಾರು ವರ್ಷದ ಹಿಂದೆ, ಹೆಂಗಸಿಗೆ ಯಂತ್ರವೇ ಎಂದು ನಕ್ಕವರ ಮುಂದೆ, "ನಮ್ಮನೆ ಹುಡುಗಿ, ನಾನು ಕಲಿಸ್ತೀನಿ" ಎಂದು ಎದೆ ತಟ್ಟಿ ನಿಂತವರು.

ಅವಳಿಗೆ ಸಿಟ್ಟು ಬಂದಿತ್ತು. ಸೀಸೆ ಕಿತ್ತು ಗೋಡೆಗೆ ಬಡಿಯುವಷ್ಟು, ಅಲ್ಲೇ ಕೂತು ಗೊಳೋ ಎಂದು ಅಳುವಷ್ಟು ಸಿಟ್ಟು. ಆದರೆ ಅವರ ಕಡೆ ಬೆರಳು ತೋರಿಸಲು ಕೈ ಏಳಲಿಲ್ಲ.

"ನನ್ನ ಕೈ ಸರ್," ಎಂದಳು. "ಹಳೇ ಚಾಳಿ."

ಮ್ಯಾನೇಜರ್ ನಿಟ್ಟುಸಿರು ಬಿಟ್ಟರು. "ಇನ್ನು ಒಂದೇ ಬಿಟ್ಟು ಉಳಿದಿರೋದು. ಅದನ್ನ ಬೇರೆಯವರ ಕೈಗೆ ಕೊಡ್ತೀನಮ್ಮಾ. ತಪ್ಪು ತಿಳ್ಕೋಬೇಡಿ."

"ಬೇಡ ಸರ್," ಎಂದಳು ಅವಳು. ಜನ್ಮದಲ್ಲಿ ಯಾರನ್ನೂ ಹಾಗೆ ಬೇಡಿಕೊಂಡವಳಲ್ಲ. "ಆ ನಲ್ಲಿ ಹಿಡಿ ಬಿಚ್ಚಿಸಿ ನಿಮ್ಮ ಜೇಬಲ್ಲಿ ಇಟ್ಕೊಳಿ. ಯಂತ್ರದ ಸುತ್ತ ಎಳೆದಿರೋ ಹಳದಿ ಗೆರೆಯಿಂದ ಈಚೆ ಒಂದು ನರಪಿಳ್ಳೇನೂ ಬರಬಾರದು. ನನ್ನ ಕೈ ಮುರಿದದ್ದನ್ನ ನನ್ನ ಕೈಯೇ ಸರಿ ಮಾಡ್ಲಿ."

ಇಂಜಿನಿಯರ್ ಮೇಸ್ತ್ರಿಯ ಅಂಗಿಯ ಮೇಲಿದ್ದ ಎಣ್ಣೆಯ ಕಲೆ ನೋಡಿದಳು. ಆಮೇಲೆ, "ಅಕ್ಕಾನೇ ಮಾಡ್ಲಿ ಸರ್. ಕಿವಿ ಬೇಕು ಇದಕ್ಕೆ," ಎಂದಳು.

ಊಟದ ಹೊತ್ತು ಕಳೆದ ಮೇಲೆ ಎರಡನೇ ಬಿಟ್ಟು ಯಂತ್ರದ ಚಕ್ಕು ಎಂಬ ಹಿಡಿತಕ್ಕೆ ಏರಿತು. ಗೆರೆಯಾಚೆ ಭಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು. ಸೀಸೆಯನ್ನು ಎಲ್ಲಿ ಬಿಸಾಡಿದ್ದರೋ ಏನೋ. ನಲವತ್ತು. ಎಂಬತ್ತು. ಅವಳ ಎಡಗೈ ಮತ್ತೆ ಮತ್ತೆ ನಲ್ಲಿಗೆ ಹೋಯಿತು, ಹಿಡಿಯಿಲ್ಲದ ತಿರುಪು ತಡವಿ ಹಿಂದೆ ಬಂತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಲಿತ ಗುಣ ಅದರ ತಾಯಿಯೇ ಇರಬೇಕು. ನೂರಿಪ್ಪತ್ತೆಂಟು. ನೂರಿಪ್ಪತ್ತೊಂಬತ್ತು. ಯಾರೋ ಚಪ್ಪಾಳೆ ತಟ್ಟಿದರು, ಮ್ಯಾನೇಜರ್ ಕಣ್ಣು ಬಿಟ್ಟು ಸುಮ್ಮನಾಗಿಸಿದರು.

ನೂರ ಎಪ್ಪತ್ತೊಂದರಲ್ಲಿ ಸಿಳ್ಳೆ ಏರಿ ಚೀರಾಟವಾಯಿತು.

ಹದಿನಾರು ವರ್ಷದ ಕಿವಿ ನಿಲ್ಲಿಸು ಎಂದಿತು. ಇದಕ್ಕೆ ಇನ್ನು ಹತ್ತು ತೂತಿನ ಆಯುಷ್ಯವೂ ಇಲ್ಲ ಎಂದಿತು. ನಿಲ್ಲಿಸಿದರೆ ಮನೆ. ನಿಲ್ಲಿಸದೆ ಮುರಿದರೂ ಮನೆ. ಬೆವರು ಹುಬ್ಬಿನಿಂದ ಕಣ್ಣಿಗಿಳಿಯಿತು. ಎಲ್ಲರೂ ನಂಬಿದ್ದು ಈ ಕಿವಿಯನ್ನು. ಅವಳಿಗೆ ಹೆಸರು ಕೊಟ್ಟದ್ದೂ ಈ ಕಿವಿಯೇ. ಆದರೆ ಅದು ಕಲಿತದ್ದೆಲ್ಲ ಎಣ್ಣೆಯಲ್ಲಿ ನೆಂದ ಉಕ್ಕಿನ ಭಾಷೆ. ಒಣ ಉಕ್ಕಿನ ಭಾಷೆ ಅದಕ್ಕೇನು ಗೊತ್ತು?

ಬಗ್ಗಿ ಚೂರು ನೋಡಿದಳು. ನೀಲಿ. ಸುರುಳಿ ಸುರುಳಿ.

ಗುಂಡಿ ಒತ್ತಿದಳು. ಬಿಟ್ಟು ಚೀರುತ್ತಲೇ ಇಳಿಯಿತು, ಚೀರುತ್ತಲೇ ಎದ್ದಿತು. ಚೂರು ನೀಲಿ, ಸುರುಳಿ. ಮತ್ತೊಂದು. ಅಲ್ಲಿಂದಾಚೆಗೆ ಅವಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಚೂರನ್ನೇ ನೋಡಿದಳು, ಕಿವಿಯ ಗೋಳಾಟಕ್ಕೆ ಗಮನ ಕೊಡಲಿಲ್ಲ. ನೂರ ತೊಂಬತ್ತು. ಇನ್ನೂರನೆಯ ತೂತು ಬಿಲ್ಲೆಯ ತಳ ದಾಟಿ ಹೊರಬಂದಾಗ ಗೆರೆಯಾಚೆ ಹೋ ಎಂದು ಗಲಾಟೆ ಎದ್ದಿತು. ಮ್ಯಾನೇಜರ್ ನಲ್ಲಿಯ ಹಿಡಿಯನ್ನು ಜೇಬಿನಿಂದ ತೆಗೆದು ಕಸದ ಬುಟ್ಟಿಗೆ ಎಸೆದರು.

ಅವಳು ಯಂತ್ರ ಆರಿಸಿ, ಚಕ್ಕು ಸಡಿಲಿಸಿ, ಸದಾ ಮಾಡುವಂತೆ ಬರಿಗೈಯಲ್ಲಿ ಬಿಟ್ಟು ಹಿಡಿದಳು. ಎಣ್ಣೆನೀರಲ್ಲಿ ಮಿಂದು ತಣ್ಣಗಿರುತ್ತಿದ್ದ ಬಿಟ್ಟನ್ನು ಹದಿನಾರು ವರ್ಷ ತೆಗೆದ ಕೈ. ಚುರ್ ಎಂದಿತು. ಬಿಟ್ಟು ನೆಲಕ್ಕೆ ಬಿತ್ತು, ಅವಳು ಕೂಗಿಕೊಂಡಳು.

ಹಳದಿ ಗೆರೆ ದಾಟಿ ಮೊದಲು ಓಡಿಬಂದವರು ಭಾವ, ಕೈಯಲ್ಲಿ ಕುಡಿಯುವ ನೀರಿನ ಬಾಟಲಿ. ಎರಡು ಹೆಜ್ಜೆ ದೂರದಲ್ಲಿ ಗಕ್ಕನೆ ನಿಂತರು. ಬಾಟಲಿಯ ಮುಚ್ಚಳ ತೆಗೆದಿತ್ತು.

"ಹಾಕ್ಲಾ ತಾಯಿ?" ಎಂದರು.

ಅವಳು ಸುಟ್ಟ ಬೆರಳು ಮುಂದೆ ಚಾಚಿದಳು. "ಈಗ ಹಾಕಿ ಭಾವಾ. ಈಗ ಹಾಕಬಹುದು."

ನೀರು ಸುರಿಯತೊಡಗಿತು. ಭಾವ ತಲೆ ಎತ್ತಲಿಲ್ಲ. "ಬೆಳಿಗ್ಗೆ ಹಾಕಿದ್ದೂ ನಾನೇ ಸರ್," ಎಂದರು ಎಲ್ಲರಿಗೂ ಕೇಳುವಂತೆ. "ಅವಳ ಕೈಯಲ್ಲ."

ಮ್ಯಾನೇಜರ್ ಅವಳ ಮುಖ ನೋಡಿದರು. "ನಿಮಗೆ ಗೊತ್ತಿತ್ತಾ?"

"ಕೇಳಿಸಿತ್ತು ಸರ್," ಎಂದಳು ಕಿವಿಯಕ್ಕ. ಭಾವನ ಕಣ್ಣೀರು ಮೂಗಿನ ತುದಿಯಿಂದ ಬಾಟಲಿಯ ಮೇಲೆ ಬೀಳುತ್ತಿತ್ತು, ನೀರಿನ ಧಾರೆ ನಿಂತಿತ್ತು. "ನಿಲ್ಲಿಸ್ಬೇಡಿ ಭಾವಾ, ಉರೀತಿದೆ. ಹಾಕ್ತಾ ಇರಿ."